ತೆಂಗಿನ ಸೀಮೆಯಲ್ಲಿ ಹಳೆಯ ಪಿಕಪ್ ಗಾಡಿಯ ರಕ್ಷಣೆ ಮತ್ತು ಮಿತವ್ಯಯದ ದುರಸ್ತು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗು ಬೆಳೆಯುವ ರೈತನ ಫಲವು ಬೇಗನೆ ಕೈಗೆ ಬರತಕ್ಕದ್ದಲ್ಲ. ಕಿತ್ತ ಕಾಯಿಯು ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇದ್ದು, ಒಳಗಿನ ನೀರು ಹಿಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾದ ತರುವಾಯವೇ ಕೊಬ್ಬರಿಯೆನಿಸಿಕೊಂಡು ತಿಪಟೂರಿನ ಮಾರುಕಟ್ಟೆಗೆ ಹೋಗುವುದು. ಇಷ್ಟು ಕಾಲ ಕಾದ ಮಾಲನ್ನು ಹೊನ್ನವಳ್ಳಿಯಿಂದಲೋ ಸುತ್ತಲಿನ ಗ್ರಾಮಗಳಿಂದಲೋ ಅಲ್ಲಿಗೆ ಮುಟ್ಟಿಸುವ ಪ್ರಯಾಣವಾದರೋ ಒಂದು ಗಂಟೆಯನ್ನೂ ಮೀರುವುದಿಲ್ಲ. ಆ ಒಂದು ಗಂಟೆಯಲ್ಲಿ ಗಾಡಿಯು ನಿಂತುಹೋದರೆ ಹರಾಜು ತಪ್ಪುವುದು. ಬ್ರೇಕು ಹಿಡಿಯದೆ ಹೋದರೆ ತಪ್ಪುವುದು ಹರಾಜೊಂದೇ ಅಲ್ಲ.

ಜೀಪು ಜಾತಿಯ ಗಾಡಿಗಳನ್ನು ಮಹೀಂದ್ರ ಸಂಸ್ಥೆಯವರು ನಮ್ಮ ದೇಶದಲ್ಲಿ 1947ರಿಂದ ಬಳಕೆಗೆ ತಂದರು. ಮೊದಲಿಗೆ ಇವು ಪೆಟ್ರೋಲಿನಿಂದ ನಡೆಯುತ್ತಿದ್ದವು. ಮುಂದೆ ಡೀಸೆಲ್ ಎಂಜಿನ್ನುಗಳೂ, ಅವುಗಳಲ್ಲಿ ಫ್ರಾನ್ಸ್ ದೇಶದ ಪೂಜೋ ನಮೂನೆಯದೂ ಬಂದವು. ಟೆಂಪೋ ಮೆಟಡೋರ್, 1986ರಲ್ಲಿ ಹೊರಟ ಟಾಟಾ 407, 1988ರ ಟಾಟಾ ಮೊಬೈಲ್ ಮುಂತಾದವುಗಳೂ ಹಳ್ಳಿಯ ಸಾಗಣೆಗೆ ಒದಗಿದವು. ಈ ಹಳೆಯ ಗಾಡಿಗಳ ವಿಷಯದಲ್ಲಿ ಒಂದು ದೊಡ್ಡ ಅನುಕೂಲವುಂಟು. ಇವುಗಳಲ್ಲಿ ಈಗಿನ ಗಾಡಿಗಳಂತೆ ಎಂಜಿನ್ನನ್ನು ಆಳುವ ಕಂಪ್ಯೂಟರ್ ಇಲ್ಲದಿರುವುದರಿಂದ, ಸ್ಪ್ಯಾನರು ಹಿಡಿಯಬಲ್ಲ ಊರ ಮೆಕ್ಯಾನಿಕ್ಕನೇ ಬಿಚ್ಚಿ ನೋಡಿ ದೋಷವನ್ನು ಕಂಡುಹಿಡಿಯಬಹುದು. 1939ರಿಂದ 1945ರವರೆಗಿನ ಯುದ್ಧಕಾಲದಲ್ಲಿ ಪೆಟ್ರೋಲು ದೊರೆಯದೆ ಬಸ್ಸುಗಳನ್ನು ಇದ್ದಿಲಿನ ಅನಿಲದಿಂದ ಓಡಿಸಿದ ಕುಶಲಿಗಳ ವಿದ್ಯೆಯು ಇಂಥ ಸರಳ ಯಂತ್ರಗಳಿಂದಲೇ ಸಾಧ್ಯವಾಯಿತು.

ಹೀಗಿದ್ದರೂ ಹಳೆಯ ಗಾಡಿಗೆ ಹಣ ಸುರಿದು ಸೋತವರೇ ಹೆಚ್ಚು. ಇದಕ್ಕೆ ಕಾರಣವು ಗಾಡಿಯ ವಯಸ್ಸಲ್ಲ, ದುರಸ್ತಿನ ಅನುಕ್ರಮ ತಪ್ಪುವುದು. ಮೊದಲು ಬಣ್ಣ, ಆಮೇಲೆ ಸೀಟು, ಅನಂತರ ಎಂಜಿನ್ನು, ಹಣ ಉಳಿದರೆ ಬ್ರೇಕು ಎಂಬ ಪದ್ಧತಿಯು ಎಲ್ಲೆಲ್ಲಿಯೂ ಕಂಡುಬರುವುದು. ಇದು ತಲೆಕೆಳಗಾದ ಕ್ರಮ. ಪ್ರಾಣಕ್ಕೆ ಸಂಬಂಧಿಸಿದ ಬ್ರೇಕು, ಸ್ಟಿಯರಿಂಗು, ಚಕ್ರ, ಚಾಸಿಗಳಿಗೆ ಮೊದಲ ಸ್ಥಾನವನ್ನೂ, ಎಂಜಿನ್ನನ್ನು ಉಳಿಸುವ ನೀರು, ಎಣ್ಣೆ, ಗಾಳಿಗಳಿಗೆ ಎರಡನೆಯ ಸ್ಥಾನವನ್ನೂ ಕೊಡತಕ್ಕದ್ದು. ಬಣ್ಣವು ಮಳೆಯಿಂದ ತಗಡನ್ನು ಕಾಯುವಷ್ಟಿದ್ದರೆ ಸಾಕು.

ದುರಸ್ತಿಗೆ ಮೊದಲು ಮಾಡತಕ್ಕ ಲೆಕ್ಕ

ಗಾಡಿಯನ್ನು ಬಿಚ್ಚುವುದಕ್ಕೆ ಮುಂಚೆ ಕಾಗದದ ಮೇಲೆ ಮೂರು ಅಂಕಿಗಳನ್ನು ಬರೆಯಬೇಕು: ಇದ್ದ ಹಾಗೆಯೇ ಮಾರಿದರೆ ಬರುವ ಕ್ರಯ, ರಸ್ತೆಗೆ ತರಲು ತಗಲುವ ಒಟ್ಟು ವೆಚ್ಚ, ಬಾಡಿಗೆ ಗಾಡಿಯಿಂದಲೇ ಕೆಲಸ ಮಾಡಿಸಿದರೆ ವರ್ಷಕ್ಕಾಗುವ ಖರ್ಚು. ಉದಾಹರಣೆಗೆ, ಒಂದು ಮನೆತನಕ್ಕೆ ವರ್ಷದಲ್ಲಿ 60 ಸಲ ಗಾಡಿ ಬೇಕಾಗುವುದೆಂದೂ, ಬಾಡಿಗೆಯು ಸಲವೊಂದಕ್ಕೆ 1,000 ರೂಪಾಯಿಯೆಂದೂ ಇಟ್ಟುಕೊಂಡರೆ ಬಾಡಿಗೆಯ ಬಾಬು 60,000 ರೂಪಾಯಿ. ಸ್ವಂತ ಗಾಡಿಗೆ ಅಷ್ಟೇ ಕೆಲಸಕ್ಕೆ ಡೀಸೆಲ್ 18,000, ವಿಮೆ, ತೆರಿಗೆ, ಅರ್ಹತಾ ಪತ್ರಗಳಿಗೆ 20,000 ರೂಪಾಯಿ ಹಿಡಿದರೆ ಉಳಿತಾಯವು 22,000 ಮಾತ್ರ. ಒಂದು ಲಕ್ಷ ರೂಪಾಯಿಯ ದುರಸ್ತು ಈ ಉಳಿತಾಯದಿಂದ ತೀರಲು ನಾಲ್ಕೂವರೆ ವರ್ಷ ಬೇಕು. ಟೈರು, ಬ್ಯಾಟರಿಗಳ ಸವೆತವನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಪ್ರತಿಯೊಬ್ಬನೂ ತನ್ನ ಊರಿನ ದರಗಳನ್ನು ಹಾಕಿ ಈ ಲೆಕ್ಕವನ್ನು ನೋಡಿಕೊಳ್ಳಬೇಕು. ವರ್ಷಕ್ಕೆ ಇಪ್ಪತ್ತು ಮೂವತ್ತು ಸಲಕ್ಕಿಂತ ಹೆಚ್ಚು ಕೆಲಸವಿಲ್ಲದ ಸಣ್ಣ ಹಿಡುವಳಿದಾರನಿಗೆ ಹಳೆಯ ಗಾಡಿಯು ಅಭಿಮಾನದ ವಸ್ತುವಾಗಬಹುದೇ ಹೊರತು ಲಾಭದ ವಸ್ತುವಾಗಲಾರದು.

ಸರ್ಕಾರಿ ಇಲಾಖೆಗಳ ಜೀಪುಗಳನ್ನು ಹರಾಜಿನಲ್ಲಿ ಕೊಂಡು ದುರಸ್ತು ಮಾಡಿಸುವ ರೂಢಿಯು ಹಿಂದೆ ಬಹಳವಾಗಿತ್ತು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯು 2023ರ ಏಪ್ರಿಲ್ 1ರಿಂದ ರದ್ದಾಗುವಂತೆ ಕೇಂದ್ರ ಸರ್ಕಾರವು ನಿಯಮ ಮಾಡಿರುವುದರಿಂದ, ಅಂಥ ಗಾಡಿಯನ್ನು ಯಾರಾದರೂ ಅಗ್ಗವಾಗಿ ಕೊಡಬಂದರೆ ಅದರ ನೋಂದಣಿ ಪತ್ರವನ್ನು ಪರೀಕ್ಷಿಸದೆ ಮುಂಗಡ ಕೊಡತಕ್ಕದ್ದಲ್ಲ.

ಬ್ರೇಕು

ಹಳೆಯ ಜೀಪುಗಳಲ್ಲಿ ಬ್ರೇಕಿನ ಎಣ್ಣೆಯನ್ನು ನಾಲ್ಕು ಚಕ್ರಗಳಿಗೂ ಕಳುಹಿಸುವ ಮಾಸ್ಟರ್ ಸಿಲಿಂಡರು ಒಂದೇ ಕೋಣೆಯುಳ್ಳದ್ದು. ಈಚಿನ ಗಾಡಿಗಳಲ್ಲಿ ಎರಡು ಕೋಣೆಗಳಿರುವುದರಿಂದ ಒಂದು ಕಡೆ ಸೋರಿದರೂ ಇನ್ನೊಂದು ಕಡೆಯ ಬ್ರೇಕು ಉಳಿಯುವುದು. ಹಳೆಯದರಲ್ಲಿ ಯಾವ ಒಂದು ಚಕ್ರದ ರಬ್ಬರು ಬಟ್ಟಲು ಹರಿದರೂ, ಯಾವ ಒಂದು ಹೋಸು ಒಡೆದರೂ ನಾಲ್ಕು ಚಕ್ರಗಳ ಬ್ರೇಕೂ ಒಮ್ಮೆಗೇ ಹೋಗುವುದು. ಕೊಬ್ಬರಿ ತುಂಬಿದ ಗಾಡಿಯು ಇಳಿಜಾರಿನಲ್ಲಿರುವಾಗ ಹೀಗಾದರೆ ಚಾಲಕನ ಕೈಯಲ್ಲಿ ಉಳಿಯುವುದು ಗೇರು ಮತ್ತು ಕೈಬ್ರೇಕು ಮಾತ್ರ. ಆದಕಾರಣ ಕೈಬ್ರೇಕನ್ನು ಅಲಕ್ಷ್ಯ ಮಾಡುವುದು ಮಹಾಪರಾಧವೆಂದೇ ತಿಳಿಯಬೇಕು.

ಪರೀಕ್ಷಿಸುವ ವಿಧಾನವು ಸುಲಭ. ಗಾಡಿಯನ್ನು ನಿಲ್ಲಿಸಿ ಬ್ರೇಕಿನ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೆಯೇ ಹಿಡಿದಿರಬೇಕು. ಪೆಡಲು ಮೆಲ್ಲಮೆಲ್ಲನೆ ಕೆಳಗಿಳಿದರೆ ಎಲ್ಲಿಯೋ ಸೋರುತ್ತಿರುವುದು, ಇಲ್ಲವೆ ಮಾಸ್ಟರ್ ಸಿಲಿಂಡರಿನ ಒಳಗಣ ರಬ್ಬರು ಸವೆದಿರುವುದು. ಸ್ಪಂಜನ್ನು ಒತ್ತಿದಂತೆ ಮೆತ್ತಗಿದ್ದು ಎರಡು ಮೂರು ಸಲ ತುಳಿದರೆ ಗಟ್ಟಿಯಾಗುವುದಾದರೆ ಕೊಳವೆಯಲ್ಲಿ ಗಾಳಿ ಸೇರಿರುವುದು. ಗಾಳಿಯನ್ನು ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಮೊದಲುಮಾಡಬೇಕು: ಸಾಮಾನ್ಯವಾಗಿ ಹಿಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ, ಮುಂದಿನ ಎಡ ಚಕ್ರ, ಕೊನೆಗೆ ಮುಂದಿನ ಬಲ ಚಕ್ರ. ಹೊರಬಂದ ಎಣ್ಣೆಯನ್ನು ಮತ್ತೆ ಡಬ್ಬಿಗೆ ಸುರಿಯಕೂಡದು.

ಬ್ರೇಕಿಗೆ ಬ್ರೇಕಿನ ಎಣ್ಣೆಯನ್ನೇ ಹಾಕತಕ್ಕದ್ದು. ದಾರಿಯಲ್ಲಿ ಸಿಕ್ಕದೆಂದು ಎಂಜಿನ್ ಆಯಿಲನ್ನೋ ಮತ್ತಾವುದಾದರೂ ಯಂತ್ರದ ಎಣ್ಣೆಯನ್ನೋ ಹೊಯ್ದರೆ ರಬ್ಬರುಗಳು ಉಬ್ಬಿ ಬ್ರೇಕು ಹಿಡಿದುಕೊಳ್ಳುವುದು ಇಲ್ಲವೆ ಪೂರ್ತಿಯಾಗಿ ಕೈಕೊಡುವುದು. ಆಮೇಲೆ ಎಲ್ಲ ರಬ್ಬರುಗಳನ್ನೂ ಬದಲಾಯಿಸದೆ ಗತಿಯಿಲ್ಲ. ಬ್ರೇಕಿನ ಎಣ್ಣೆಯು ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವವುಳ್ಳದ್ದು. ಎರಡು ವರ್ಷಕ್ಕೊಮ್ಮೆ ಹೊಸದನ್ನು ತುಂಬಿದರೆ ಸಿಲಿಂಡರುಗಳು ಒಳಗೊಳಗೇ ತುಕ್ಕು ಹಿಡಿಯುವುದು ತಪ್ಪುವುದು. ಈ ಎಣ್ಣೆಯ ಬೆಲೆಯು ಸಿಲಿಂಡರಿನ ಬೆಲೆಯ ಮುಂದೆ ಏನೂ ಅಲ್ಲ.

ಹಿಂದಿನ ಚಕ್ರದ ಒಳಗೋಡೆಯಲ್ಲಿ ಎಣ್ಣೆಯ ಕಲೆ ಕಂಡರೆ ಎರಡು ಸಂದೇಹಗಳಿಗೆ ಎಡೆಯುಂಟು. ನೀರಿನಂತೆ ತೆಳ್ಳಗಿದ್ದರೆ ಬ್ರೇಕಿನ ಎಣ್ಣೆ; ದಪ್ಪಗಿದ್ದು ಘಾಟು ವಾಸನೆಯಿದ್ದರೆ ಆಕ್ಸಲಿನ ಸೀಲು ಹರಿದು ಬಂದ ಗೇರೆಣ್ಣೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಿಂದ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಜೋಡಿಸುವವರಿದ್ದಾರೆ. ಅದು ಉಳಿತಾಯವಲ್ಲ.

ಸ್ಟಿಯರಿಂಗು ಮತ್ತು ಚಕ್ರಗಳ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದರೆ ಕಿಂಗ್‌ಪಿನ್ ಮತ್ತು ಬೇರಿಂಗುಗಳ ಸಡಿಲವೂ, ಎಡಬಲಕ್ಕೆ ಅಲುಗಿಸಿದರೆ ಟೈರಾಡಿನ ಕೀಲುಗಳ ಸಡಿಲವೂ ತಿಳಿಯುವುದು. ಗ್ರೀಸ್ ಗನ್ನಿನಿಂದ ಹೊಸ ಗ್ರೀಸನ್ನು ಹಳೆಯದು ಹೊರಬರುವ ತನಕ ತಿಂಗಳಿಗೊಮ್ಮೆಯೂ, ಹಳ್ಳದ ನೀರಿನಲ್ಲಿ ಗಾಡಿಯಿಳಿದ ಪ್ರತಿಸಲವೂ ತುಂಬಬೇಕು. ಟೈರಿನ ಗೀರುಗಳ ಆಳವು 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನಂತೆಯೂ ಅದು ರಸ್ತೆಗೆ ತಕ್ಕದ್ದಲ್ಲ. ಹಳೆಯ ಟೈರಿಗೆ ಹೊಸ ರಬ್ಬರು ಕೂರಿಸಿದ್ದನ್ನು ಮುಂದಿನ ಚಕ್ರಕ್ಕೆ ಹಾಕಬಾರದು.

ಗಾಡಿಯ ಕೆಳಗೆ ಕೆಲಸ ಮಾಡುವವರು ಕೇವಲ ಜಾಕಿಯನ್ನು ನಂಬಿ ನುಸುಳಕೂಡದು. ಇಟ್ಟಿಗೆ, ಸೈಜುಗಲ್ಲುಗಳು ಭಾರಕ್ಕೆ ಸೀಳುವುವು. ಕಬ್ಬಿಣದ ಸ್ಟ್ಯಾಂಡನ್ನೋ ಗಟ್ಟಿ ಮರದ ಅಗಲವಾದ ದಿಮ್ಮಿಗಳನ್ನೋ ಚಾಸಿಯ ಅಡಿಗೆ ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡಗಲ್ಲಿಟ್ಟ ಮೇಲೆಯೇ ಕೆಳಗಿಳಿಯತಕ್ಕದ್ದು.

ಚಾಸಿಗೆ ಗೊಬ್ಬರವೇ ವೈರಿ

ತೆಂಗಿನ ಮರವೊಂದಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಸತ್ತ್ವಗಳನ್ನು ಕೊಡಬೇಕೆಂಬುದು ರೈತರು ಅರಿತ ವಿಷಯ. ಈ ಪೊಟ್ಯಾಷ್ ಅಂಶಕ್ಕಾಗಿ ಮರಕ್ಕೆ ಸುಮಾರು 2 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬೇಕು. ಎಂದರೆ ನೂರು ಮರದ ತೋಟಕ್ಕೆ 200 ಕೆ.ಜಿ. ಈ ಗೊಬ್ಬರವು ಒಂದು ಬಗೆಯ ಉಪ್ಪು. ಚೀಲ ಹರಿದು ಗಾಡಿಯ ಹಾಸುತಗಡಿನ ಮೇಲೆ ಚೆಲ್ಲಿದ ಪುಡಿಯು ಮಳೆಯ ತೇವದಲ್ಲಿ ಕರಗಿ ಸಂದುಗಳಿಗಿಳಿದರೆ, ಸಮುದ್ರದ ದಂಡೆಯಲ್ಲಿ ನಿಂತ ಗಾಡಿಗೆ ಹಿಡಿಯುವಂಥ ತುಕ್ಕು ಒಣಸೀಮೆಯ ಗಾಡಿಗೂ ಹಿಡಿಯುವುದು. ತೇವವಾದ ಕೊಟ್ಟಿಗೆ ಗೊಬ್ಬರವನ್ನು ರಾತ್ರಿಯೆಲ್ಲ ಗಾಡಿಯಲ್ಲೇ ಬಿಡುವುದರಿಂದಲೂ ಇದೇ ಹಾನಿ.

ಆದುದರಿಂದ ಗೊಬ್ಬರ ಸಾಗಿಸುವ ದಿನ ಕೆಳಗೆ ದಪ್ಪ ತಾಡಪಾಲನ್ನು ಹಾಸಿ, ಸಂಜೆ ಹಾಸುತಗಡನ್ನೂ ಚಾಸಿಯ ಒಳಸಂದುಗಳನ್ನೂ ಧಾರಾಳವಾದ ನೀರಿನಿಂದ ತೊಳೆದು ಒಣಗಿಸಬೇಕು. ಹಾಸುತಗಡಿನ ನೀರು ಹರಿಯುವ ರಂಧ್ರಗಳು ಮಣ್ಣು, ನಾರುಗಳಿಂದ ಮುಚ್ಚಿಹೋಗದಂತೆ ಕಡ್ಡಿಯಿಂದ ಬಿಡಿಸುತ್ತಿರಬೇಕು. ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಚಾಸಿಯ ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಖಣಿಲೆನ್ನುವ ಕಡೆ ಕಬ್ಬಿಣ ಗಟ್ಟಿಯಾಗಿರುವುದು. ಮಂಕು ಶಬ್ದ ಬಂದು ಹೊಪ್ಪಳೆ ಉದುರುವ ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ ಪರೀಕ್ಷಿಸಬೇಕು. ಮೇಲ್ಮೈಯ ತುಕ್ಕಾದರೆ ತಂತಿಯ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಕೊಟ್ಟರೆ ಸಾಕು. ಚುಚ್ಚಿದಾಗ ತೂತು ಬಿದ್ದರೆ ಕೊಳೆತ ಭಾಗವನ್ನು ಕತ್ತರಿಸಿ, ಅಷ್ಟೇ ದಪ್ಪದ ಹೊಸ ತಗಡನ್ನು ಗಟ್ಟಿ ಕಬ್ಬಿಣದವರೆಗೆ ಬೆಸೆಯಬೇಕು. ತುಕ್ಕಿನ ಮೇಲೆಯೇ ಪಟ್ಟಿ ಹಚ್ಚಿ ಬಣ್ಣ ಬಳಿಯುವುದು ಮಾರುವವನಿಗೆ ಅನುಕೂಲ, ಕೊಳ್ಳುವವನಿಗೆ ಗಂಡಾಂತರ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಗಳನ್ನು ಕಳಚಬೇಕು. ಎಣ್ಣೆಯ ಟ್ಯಾಂಕು ಬರಿದಾಗಿದ್ದರೂ ಅದರೊಳಗಿನ ಆವಿಯು ಸಿಡಿಯತಕ್ಕದ್ದಾದ ಕಾರಣ ಟ್ಯಾಂಕನ್ನು ಕಳಚಿ ದೂರವಿಡದೆ ಹತ್ತಿರದಲ್ಲಿ ಬೆಸುಗೆಯನ್ನೇ ಮಾಡಿಸಬಾರದು.

ಎಂಜಿನ್ನಿನ ನೀರು, ಎಣ್ಣೆ, ಗಾಳಿ

ಈ ಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಪಾತ್ರೆಯಲ್ಲಿ ಬಿಳಿಯ ಕಿಟ್ಟ ಕಟ್ಟುವಂತೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿಯೂ ಕಟ್ಟಿ, ಎಂಜಿನ್ನು ಕಾಯುವುದಕ್ಕೆ ಕಾರಣವಾಗುವುದು. ಶುದ್ಧವಾಗಿ ಹಿಡಿದ ಮಳೆಯ ನೀರನ್ನಾಗಲಿ ಬ್ಯಾಟರಿಗೆ ಹಾಕುವ ನೀರನ್ನಾಗಲಿ ಕೂಲಂಟಿನೊಡನೆ ಬೆರೆಸಿ ತುಂಬಿದರೆ ಈ ತೊಂದರೆಯಿಲ್ಲ. ದಾರಿಯಲ್ಲಿ ನೀರು ಸಿಗದೆ ಎಳನೀರು ಕೊಚ್ಚಿ ಸುರಿಯುವ ಚಮತ್ಕಾರವನ್ನು ಕೆಲವರು ಹೊಗಳಿಕೊಳ್ಳುವುದುಂಟು. ಎಳನೀರಿನಲ್ಲಿ ಸಕ್ಕರೆಯೂ ಲವಣಗಳೂ ಇರುವುವು. ಬೇರೆ ದಾರಿಯೇ ಇಲ್ಲದೆ ಹಾಗೆ ಮಾಡಿದವರು ಮನೆ ಸೇರಿದ ಕೂಡಲೆ ಎಲ್ಲವನ್ನೂ ಬಸಿದು ಎರಡು ಸಲ ತೊಳೆಯಬೇಕು. ಕುದಿಯುತ್ತಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದೆಂಬುದನ್ನು ಹೇಳಬೇಕಾದುದಿಲ್ಲವಾದರೂ, ಮುಖ ಸುಟ್ಟುಕೊಂಡವರು ಪ್ರತಿ ಬೇಸಿಗೆಯಲ್ಲಿಯೂ ಇದ್ದೇ ಇರುವರು.

ಮಟ್ಟೆ, ನಾರು ಸಾಗಿಸುವ ಗಾಡಿಗಳಿಗೆ ವಿಶೇಷವಾದ ಎರಡು ಅಪಾಯಗಳುಂಟು. ನಾರಿನ ಪುಡಿಯು ರೇಡಿಯೇಟರಿನ ರೆಕ್ಕೆಗಳ ನಡುವೆ ಸಿಕ್ಕಿ ಗಾಳಿಯನ್ನು ತಡೆಯುವುದು ಒಂದು. ಇದಕ್ಕೆ ಎಂಜಿನ್ನಿನ ಕಡೆಯಿಂದ ಹೊರಮುಖವಾಗಿ ಮೆಲ್ಲನೆ ನೀರು ಹಾಯಿಸಿ ತೊಳೆಯಬೇಕು. ಉದ್ದ ನಾರು ಸೈಲೆನ್ಸರಿನ ಕೊಳವೆಗೆ ಸುತ್ತಿಕೊಂಡು ಹೊತ್ತಿಕೊಳ್ಳುವುದು ಇನ್ನೊಂದು. ಮಟ್ಟೆ ಇಳಿಸಿದ ಮೇಲೆ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡುವುದಕ್ಕೆ ಕಾಸಿನ ಖರ್ಚಿಲ್ಲ.

ಎಂಜಿನ್ನು ಬಿಸಿಯಾಗುವುದೆಂದು ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಮೆಕ್ಯಾನಿಕ್ಕರ ಅಭ್ಯಾಸವು ನಿಲ್ಲತಕ್ಕದ್ದು. ಆ ಉಪಕರಣವಿಲ್ಲದಿದ್ದರೆ ಎಂಜಿನ್ನು ತಕ್ಕ ಬಿಸಿಗೆ ಬರದೆ ಡೀಸೆಲು ಹೆಚ್ಚು ಸುಡುವುದು, ಸಿಲಿಂಡರು ಬೇಗ ಸವೆಯುವುದು.

ಪ್ರತಿದಿನ ಬೆಳಗ್ಗೆ, ಎಂಜಿನ್ನು ಹೊರಡಿಸುವುದಕ್ಕೆ ಮೊದಲು, ಸಮನೆಲದಲ್ಲಿ ಗಾಡಿಯಿರುವಾಗ ಎಣ್ಣೆಯ ಅಳತೆಕಡ್ಡಿಯನ್ನು ನೋಡಬೇಕು. ಎಣ್ಣೆಯು ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿರುವುದು. ಆ ಗಾಡಿಯನ್ನು ಒಂದು ಮಾರು ಕೂಡ ಓಡಿಸಕೂಡದು. ಬಸಿದ ಹಳೆಯ ಎಣ್ಣೆಯನ್ನು ತೆಂಗಿನ ಬುಡಕ್ಕಾಗಲಿ ಬಾವಿಯ ಬಳಿಗಾಗಲಿ ಚೆಲ್ಲಬಾರದು. ಗಾಳಿಶೋಧಕವು ಎಣ್ಣೆಯ ಬಟ್ಟಲುಳ್ಳದ್ದಾದರೆ, ಬೇಸಿಗೆಯ ಕೆಂಧೂಳಿನ ಕಾಲದಲ್ಲಿ ವಾರಕ್ಕೊಮ್ಮೆ ಬಿಚ್ಚಿ, ತಳದ ಕೆಸರನ್ನು ತೆಗೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕತಕ್ಕದ್ದು.

ಹೊಗೆಯು ಎಂಜಿನ್ನಿನ ನಾಡಿಯಿದ್ದಂತೆ. ಕಪ್ಪು ಹೊಗೆಯು ಗಾಳಿ ಸಾಲದಿರುವುದನ್ನು ಇಲ್ಲವೆ ಡೀಸೆಲು ಹೆಚ್ಚಾಗಿರುವುದನ್ನು ಸೂಚಿಸುವುದು. ನೀಲಿ ಹೊಗೆಯಿಂದ ಎಂಜಿನ್ ಎಣ್ಣೆಯು ಸುಡುತ್ತಿರುವುದು ತಿಳಿಯುವುದು. ಬಿಸಿಯಾದ ಮೇಲೂ ನಿಲ್ಲದ ಬಿಳಿಯ ಹೊಗೆಯಿದ್ದರೆ ನೀರು ಒಳಹೋಗುತ್ತಿರುವುದು ಅಥವಾ ಡೀಸೆಲು ಸರಿಯಾಗಿ ಸುಡದಿರುವುದು. ಕಪ್ಪು ಹೊಗೆ ಕಂಡ ಕೂಡಲೆ ಎಂಜಿನ್ನು ಬೋರು ಮಾಡಿಸಬೇಕೆಂದು ಹೇಳುವ ಮಾತಿಗೆ ಕಿವಿಗೊಡದೆ, ಮೊದಲು ಗಾಳಿಶೋಧಕ, ಆಮೇಲೆ ನಾಜಲ್, ಪಂಪುಗಳ ಪರೀಕ್ಷೆ, ಕೊನೆಗೆ ಗೇಜಿನಿಂದ ಕಂಪ್ರೆಷನ್ ಅಳತೆ, ಈ ಕ್ರಮದಲ್ಲಿ ಹೋಗಬೇಕು. ಐವತ್ತು ಸಾವಿರದ ಕೆಲಸವೆಂದು ಹೆದರಿಸಿದ್ದು ಒಂದು ಬಟ್ಟಲು ಎಣ್ಣೆಯಿಂದ ಸರಿಹೋಗುವುದೂ ಉಂಟು.

ಡೀಸೆಲು ಮುಗಿದು ಗಾಡಿ ನಿಂತರೆ ಡೀಸೆಲು ಹಾಕಿದ ಮಾತ್ರಕ್ಕೆ ಹೊರಡದು. ಶೋಧಕದ ಮೇಲಿನ ಸಣ್ಣ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳು ನಿಂತು ಶುದ್ಧ ಡೀಸೆಲು ಬರುವಾಗ ತಿರುಪನ್ನು ಬಿಗಿಯಬೇಕು. ಇದನ್ನು ಅರಿಯದೆ ಸ್ಟಾರ್ಟರನ್ನು ತಿರುಗಿಸಿ ತಿರುಗಿಸಿ ಬ್ಯಾಟರಿಯನ್ನು ಕೊಂದವರು ಬಹಳ. ಮಳೆಗಾಲದಲ್ಲಿ ಶೋಧಕದ ತಳದಲ್ಲಿ ನಿಂತ ನೀರನ್ನೂ ಆಗಾಗ್ಗೆ ಬಸಿಯಬೇಕು.

ಸ್ಟಾರ್ಟರು ಮಂದವಾಗಿ ತಿರುಗಿದರೆ ಹೊಸ ಬ್ಯಾಟರಿ ಕೊಳ್ಳುವುದಕ್ಕೆ ಮೊದಲು ಬ್ಯಾಟರಿಯಿಂದ ಚಾಸಿಗೂ, ಚಾಸಿಯಿಂದ ಎಂಜಿನ್ನಿಗೂ ಹೋಗುವ ಅರ್ಥಿಂಗ್ ತಂತಿಗಳನ್ನು ಕಳಚಿ, ಉಜ್ಜಿ, ಮತ್ತೆ ಬಿಗಿದು ನೋಡಬೇಕು. ಎಂಜಿನ್ನು ನಿಂತಿರುವಾಗ ತುಂಬಿದ ಬ್ಯಾಟರಿಯು ಸುಮಾರು 12.6 ವೋಲ್ಟು, ಓಡುತ್ತಿರುವಾಗ ಸುಮಾರು 14 ವೋಲ್ಟು ತೋರಿಸಬೇಕು.

ಬಿಡಿಭಾಗಗಳು

ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಹೊಸ ಭಾಗಗಳೂ, ಶಿವಾಜಿನಗರದ ಗುಜರಿಯಲ್ಲಿ ಬಳಸಿದ ಭಾಗಗಳೂ ಸಿಕ್ಕುವುವು. ಹೋಗುವವರು ಹಳೆಯ ಭಾಗವನ್ನೇ ಕೈಯಲ್ಲಿ ಹಿಡಿದು, ಎಂಜಿನ್ ಮತ್ತು ಚಾಸಿಯ ಸಂಖ್ಯೆಗಳನ್ನು ಬರೆದುಕೊಂಡು ಹೋಗಬೇಕು; ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ಅಳತೆಯ ಭಾಗಗಳು ಬಂದಿರುವುವು. ಬಾಗಿಲು, ಬಾನೆಟ್ಟು, ಗೇರ್‌ಬಾಕ್ಸಿನ ಕವಚ, ಆಕ್ಸಲಿನ ಕೋಶ, ಚಕ್ರದ ರಿಮ್ಮು ಇವುಗಳನ್ನು ಹಳೆಯದೇ ಕೊಂಡರೂ ಬಾಧಕವಿಲ್ಲ. ಬ್ರೇಕಿನ ರಬ್ಬರು, ಹೋಸು, ಟೈರಾಡಿನ ಕೀಲು, ಬೇರಿಂಗು, ಟೈರು ಇವುಗಳನ್ನು ಎಷ್ಟು ಅಗ್ಗವಾದರೂ ಹಳೆಯದು ಕೊಳ್ಳತಕ್ಕದ್ದಲ್ಲ. ಬೇರೆ ಎಂಜಿನ್ನನ್ನು ಕೂರಿಸುವುದಾದರೆ ಮುಂಚಿತವಾಗಿ ಸಾರಿಗೆ ಕಛೇರಿಯ ಒಪ್ಪಿಗೆ ಪಡೆದು ನೋಂದಣಿ ಪತ್ರದಲ್ಲಿ ನಮೂದು ಮಾಡಿಸಬೇಕು. ಮಾರಿದವನ ರಸೀತಿ ಇಲ್ಲದ ಎಂಜಿನ್ನು ಕಳವಿನ ಮಾಲೂ ಆಗಿರಬಹುದು.

ಹೊರೆ, ಜನ, ಕಾಗದಪತ್ರ

ನೋಂದಣಿ ಪತ್ರದಲ್ಲಿ ಗಾಡಿಯ ಖಾಲಿ ತೂಕವೂ ಹೊರೆಸಹಿತವಾದ ಒಟ್ಟು ತೂಕವೂ ಬರೆದಿರುವುವು. ಇವೆರಡರ ವ್ಯತ್ಯಾಸವೇ ಹೊರಬಹುದಾದ ಭಾರ. ಚಾಲಕನ ತೂಕವೂ ಅದರಲ್ಲಿ ಸೇರಿದ್ದು. ಮಟ್ಟೆ ಸುಲಿದ ಕಾಯಿ ಒಂದಕ್ಕೆ ಸುಮಾರು 500ರಿಂದ 600 ಗ್ರಾಂ ತೂಕವಿರುವುದರಿಂದ, 1,000 ಕೆ.ಜಿ. ಹೊರುವ ಗಾಡಿಗೆ ಸಾವಿರದ ಆರುನೂರು ಕಾಯಿಗಳೇ ಸಾಕಷ್ಟಾಯಿತು. ಸುಲಿಯದ ಕಾಯಿಯು ಕಿಲೋಗೂ ಮೇಲ್ಪಟ್ಟು ತೂಗುವುದು. ಹೆಚ್ಚು ಹೊರಿಸಲೆಂದು ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿದರೆ ಗಾಡಿ ಬಗ್ಗುವುದು ನಿಲ್ಲಬಹುದು. ಆಕ್ಸಲು, ಬ್ರೇಕುಗಳ ಶಕ್ತಿಯು ಎಳ್ಳಷ್ಟೂ ಹೆಚ್ಚುವುದಿಲ್ಲ.

ಕಾಯಿಯ ರಾಶಿಯ ಮೇಲೆ ಊರ ಜನರನ್ನು ಕೂರಿಸಿಕೊಂಡು ಹೋಗುವುದು ಇನ್ನೂ ನಿಂತಿಲ್ಲ. 1994ರ ತಿದ್ದುಪಡಿಯ ಮೇಲೆ, ಸಾಗಿಸುವ ಮಾಲಿನ ಒಡೆಯನಿಗೆ ಅಥವಾ ಆತನ ಪ್ರತಿನಿಧಿಗೆ ವಿಮೆಯ ರಕ್ಷಣೆಯುಂಟು. ಸುಮ್ಮನೆ ಹತ್ತಿಸಿಕೊಂಡವರಿಗೆ ಅಪಘಾತದಲ್ಲಿ ಕೈಕಾಲು ಹೋದರೆ ಪರಿಹಾರವು ಗಾಡಿಯ ಮಾಲೀಕನ ತಲೆಗೇ ಬರುವುದು. ಹತ್ತು ಎಕರೆ ತೋಟವೂ ಅಂಥ ಒಂದು ತೀರ್ಪಿಗೆ ಸಾಲದೆ ಹೋಗಬಹುದು. ಮದುವೆ, ಜಾತ್ರೆಗಳ ದಿನ ಈ ಮಾತನ್ನು ಗಟ್ಟಿಯಾಗಿ ಹೇಳಿ ತಡೆಯತಕ್ಕವರು ಗ್ರಾಮದ ಮುಖಂಡರೇ.

ಒಟ್ಟು ತೂಕವು 3,000 ಕೆ.ಜಿ. ಮೀರದ ಸರಕಿನ ಗಾಡಿಗೆ ಪರ್ಮಿಟ್ಟು ಬೇಕಿಲ್ಲ. ಆದರೆ ಅರ್ಹತಾ ಪತ್ರ, ವಿಮೆ, ಹೊಗೆಯ ತಪಾಸಣಾ ಪತ್ರಗಳು ಬೇಕೇ ಬೇಕು. 15 ವರ್ಷ ಮೀರಿದ ಗಾಡಿಗಳ ಅರ್ಹತಾ ಶುಲ್ಕವನ್ನು 2022ರ ಏಪ್ರಿಲಿನಿಂದ ಬಹಳವಾಗಿ ಏರಿಸಿರುವುದರಿಂದ, ಈಗಿನ ದರವನ್ನು ತಿಪಟೂರಿನ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ, ಮೊದಲು ಹೇಳಿದ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಗ್ರೀಸ್ ಗನ್, ದೊಡ್ಡ ಜಾಕಿ, ಎರಡು ಜೊತೆ ಸ್ಟ್ಯಾಂಡು, ಕಂಪ್ರೆಷನ್ ಗೇಜು, ವೋಲ್ಟ್ ಮೀಟರು ಇವುಗಳನ್ನು ಪ್ರತಿ ಮನೆಯವರೂ ಕೊಳ್ಳಬೇಕಾದುದಿಲ್ಲ. ಊರಿನಲ್ಲಿ ನಾಲ್ಕೈದು ಹಳೆಯ ಗಾಡಿಗಳಿರುವ ಕಡೆ ಒಡೆಯರು ಕೂಡಿ ಒಂದು ಸೆಟ್ಟನ್ನು ಕೊಂಡು, ಒಬ್ಬರ ವಶದಲ್ಲಿಟ್ಟು, ತೆಗೆದುಕೊಂಡು ಹೋದವರ ಹೆಸರನ್ನು ಪುಸ್ತಕದಲ್ಲಿ ಬರೆಯಿಸುವುದು ಅನುಕೂಲ. ಗಾಡಿಗೂ ಒಂದು ಪುಸ್ತಕವಿರಬೇಕು: ತಾರೀಖು, ಓಡಿದ ಕಿಲೋಮೀಟರು, ಹಾಕಿದ ಡೀಸೆಲು, ಮಾಡಿಸಿದ ಕೆಲಸ, ಕೊಟ್ಟ ಹಣ. ಡೀಸೆಲಿನ ಅಂಕಿಯು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಹೊಗೆ ಕಾಣಿಸುವುದಕ್ಕೆ ಮೊದಲೇ ಎಂಜಿನ್ನಿನ ದೋಷವು ಆ ಪುಸ್ತಕದಲ್ಲಿ ಕಾಣಿಸುವುದು.